ಹೊಲದ ಹೆಗ್ಗಣ

ಹೆಗ್ಗಣವೆಂಬ ಮಾತನ್ನು ಕೇಳಿದೊಡನೆ ಪಟ್ಟಣವಾಸಿಗಳ ಮನಸ್ಸಿಗೆ ಬರುವುದು ಹಿತ್ತಿಲ ಗೋಡೆಯ ಬುಡದಲ್ಲಿಯೂ ಬಚ್ಚಲ ಮೋರಿಯಲ್ಲಿಯೂ ಸುಳಿದಾಡುವ, ಬೆಕ್ಕು ಸಹ ಅಂಜಿ ಹಿಂಜರಿಯುವಷ್ಟು ದೊಡ್ಡದಾದ ಒಂದು ಪ್ರಾಣಿ. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆಯನ್ನು ಕಟ್ಟಿದವರ ಕಣ್ಣ ಮುಂದೆ ಇದ್ದುದು ಪ್ರಾಯಶಃ ಇದೇ ಪ್ರಾಣಿ. ಇದರ ಚೆಲುವನ್ನು ಕುರಿತು ನಾವೂ ಹೆಚ್ಚಾಗಿ ಹೇಳಲಾರೆವು. ಆದರೆ ನಮ್ಮ ಇಂದಿನ ವಿಷಯ ಇದಲ್ಲ. ಇದರ ದಾಯಾದಿಯಾದ ಇನ್ನೊಂದು. ಅದು ಗಾತ್ರದಲ್ಲಿ ಚಿಕ್ಕದು, ವಾಸದಲ್ಲಿ ಹೊಲಗದ್ದೆಗಳದು, ಸ್ವಭಾವದಲ್ಲಿ ಏಕಾಂಗಿ. ಊರೊಳಗಿನ ದೊಡ್ಡ ಹೆಗ್ಗಣ ನಮ್ಮ ಕಣ್ಣಿಗೆ ಬಿದ್ದು ಬೈಗಳನ್ನು ತಿನ್ನುತ್ತದೆ. ಹೊಲದ ಸಣ್ಣ ಹೆಗ್ಗಣವಾದರೋ ಕಣ್ಣಿಗೆ ಬೀಳದೆ ನಮ್ಮ ಅನ್ನವನ್ನು ತಿನ್ನುತ್ತದೆ. ಆದಕಾರಣ ಅದರ ಮನೆ ಎಂಥದು, ಬಾಳು ಎಂಥದು ಎಂಬುದನ್ನು ಅರಿಯುವುದು ಕುತೂಹಲಕ್ಕಾಗಿ ಮಾತ್ರವೇ ಅಲ್ಲ.

ಹೆಸರಿನಿಂದಲೇ ಆರಂಭಿಸೋಣ. ಇಂಗ್ಲಿಷಿನವರು ಹೆಗ್ಗಣಕ್ಕೆ 'ಬ್ಯಾಂಡಿಕೂಟ್' ಎನ್ನುತ್ತಾರೆ. ಇದು ಅವರ ನುಡಿಯಲ್ಲ; ತೆಲುಗಿನ 'ಪಂದಿಕೊಕ್ಕು' ಎಂಬ ಮಾತು ಅವರ ನಾಲಗೆಯ ಮೇಲೆ ಹಾಗೆ ತಿರುಗಿದೆ. ಪಂದಿಯೆಂದರೆ ಹಂದಿ, ಕೊಕ್ಕು ಎಂದರೆ ಇಲಿ. ಹಂದಿಯಂತೆ ಗುರುಗುಟ್ಟುವ, ಹಂದಿಯಂತೆ ನೆಲವನ್ನು ಕೆದಕುವ ಇಲಿ ಎಂಬುದು ಇದರ ಭಾವ. ಈ ತೆಲುಗು ಹೆಸರು ಅಷ್ಟಕ್ಕೇ ನಿಲ್ಲದೆ ಸಮುದ್ರವನ್ನು ದಾಟಿ ಆಸ್ಟ್ರೇಲಿಯಾಕ್ಕೂ ಹೋಯಿತು. ಅಲ್ಲಿ ಹೊಟ್ಟೆಯ ಚೀಲದಲ್ಲಿ ಮರಿಗಳನ್ನಿಟ್ಟುಕೊಳ್ಳುವ, ಇಲಿಯ ಜಾತಿಗೆ ಯಾವ ಸಂಬಂಧವೂ ಇಲ್ಲದ ಬೇರೊಂದು ಪ್ರಾಣಿಗೆ ಅಂಟಿಕೊಂಡು ಇಂದಿಗೂ ಉಳಿದಿದೆ. ನಮ್ಮ ಸಣ್ಣ ಹೆಗ್ಗಣಕ್ಕೆ ಪ್ರಾಣಿಶಾಸ್ತ್ರಜ್ಞರು ಕೊಟ್ಟಿರುವ ಹೆಸರು ಬ್ಯಾಂಡಿಕೋಟ ಬೆಂಗಾಲೆನ್ಸಿಸ್. ಇಂಡಿಯಾ, ಪಾಕಿಸ್ತಾನ, ನೇಪಾಳ, ಬಂಗ್ಲಾದೇಶ, ಬರ್ಮ, ಸಿಂಹಳ ಇವೆಲ್ಲವೂ ಇದರ ಸೀಮೆ. ಹಡಗಿನ ಸರಕಿನೊಡನೆ ಜಾವಾ, ಸುಮಾತ್ರಾ, ಪಿನಾಂಗುಗಳಿಗೂ ಹೋಗಿ ನೆಲೆಸಿದೆ.

ಬೆಳೆದ ಸಣ್ಣ ಹೆಗ್ಗಣವು ಸಾಧಾರಣವಾಗಿ ೨೦೦ರಿಂದ ೩೦೦ ಗ್ರಾಂ ತೂಗುತ್ತದೆ. ದೊಡ್ಡದರ ತೂಕ ಇದರ ಎರಡು ಮೂರು ಪಾಲು ಇರುತ್ತದೆ. ಮೈಬಣ್ಣ ಮಾಸಿದ ಕಂದು, ಹೊಟ್ಟೆಯ ಕಡೆ ಬೂದು. ಮೋರೆ ಮೊಂಡು, ಕಿವಿ ದುಂಡು. ಮನೆಯ ಇಲಿಗೂ ಇದಕ್ಕೂ ಇರುವ ಅಂತರವನ್ನು ಬಾಲ ನೋಡಿಯೇ ಹೇಳಬಹುದು. ಅಟ್ಟವನ್ನೂ ಜಂತೆಯನ್ನೂ ಹತ್ತುವ ಮನೆಯ ಇಲಿಗೆ ಮೈಗಿಂತ ಉದ್ದವಾದ ಬಾಲವಿದ್ದು, ಏರುವಾಗ ಅದು ತೂಕವನ್ನು ಸರಿದೂಗಿಸುತ್ತದೆ. ನೆಲವನ್ನು ಅಗೆಯುವ ಹೆಗ್ಗಣಕ್ಕೆ ಅದರ ಅಗತ್ಯವಿಲ್ಲ. ಬಾಲ ಮೈಗಿಂತ ಗಿಡ್ಡ. ಅದಕ್ಕೆ ಬೇಕಾದುದು ಹಾರೆ ಗುದ್ದಲಿಗಳು. ಮುಂಗಾಲಿನ ಗಟ್ಟಿಯಾದ ಉಗುರುಗಳೂ ಮುಂದಿನ ನಾಲ್ಕು ಬಾಚಿಹಲ್ಲುಗಳೂ ಆ ಕೆಲಸವನ್ನು ಮಾಡುತ್ತವೆ. ಈ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಅವುಗಳ ಮುಂಭಾಗದಲ್ಲಿ ಮಾತ್ರ ಗಟ್ಟಿಯಾದ ಹೊದಿಕೆಯುಂಟು, ಹಿಂಭಾಗ ಮೆದು. ಆದುದರಿಂದ ಕಡಿದಂತೆಲ್ಲಾ ಹಿಂಭಾಗ ಸವೆದು ಮುಂದಿನ ಅಂಚು ಉಳಿಯ ಬಾಯಂತೆ ಹರಿತವಾಗುತ್ತಲೇ ಹೋಗುತ್ತದೆ. ಬಡಗಿ ತನ್ನ ಉಳಿಯನ್ನು ಸಾಣೆ ಹಿಡಿಯಬೇಕು. ಇದಕ್ಕೆ ಕೆಲಸವೇ ಸಾಣೆ.

ಈ ಪ್ರಾಣಿಯನ್ನು ಕುರಿತು ಕನ್ನಡ ನಾಡಿನ ನೆಲದಲ್ಲಿಯೇ ನಿಂತು ನೋಡಿ ಬರೆದವನೊಬ್ಬನುಂಟು. ಅವನೇ ವಾಲ್ಟರ್ ಎಲಿಯಟ್. ೧೮೨೪ರಲ್ಲಿ ಕಿತ್ತೂರಿನ ಯುದ್ಧವಾದಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕಿ ಆಮೇಲೆ ಬಿಡುಗಡೆ ಹೊಂದಿದ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬನು ಇವನು. ನಮ್ಮ ಚಾಲುಕ್ಯರ ಶಾಸನಗಳನ್ನು ಹುಡುಕಿ ಪ್ರತಿ ಮಾಡಿಸಿದವನೆಂದು ಇತಿಹಾಸಜ್ಞರು ಇವನನ್ನು ನೆನೆಯುತ್ತಾರೆ. ಅದೇ ಮನುಷ್ಯನು ಧಾರವಾಡದ ಕಡೆಯ ಪ್ರಾಣಿಗಳ ಒಂದು ಪಟ್ಟಿಯನ್ನು ಮಾಡಿ ೧೮೩೯ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದನು. ಕಲ್ಲಿನ ಮೇಲಿನ ಅಕ್ಷರವನ್ನೂ ಬಿಲದ ಬಾಯಿಯ ಮಣ್ಣನ್ನೂ ಒಂದೇ ಬಗೆಯ ತಾಳ್ಮೆಯಿಂದ ನೋಡಿದವನೆಂದು ನಮಗೆ ಇವನಲ್ಲಿ ಗೌರವ.

ಎರೆನೆಲದ ಹತ್ತಿಯ ಹೊಲಗಳಲ್ಲಿಯೂ ಜೋಳದ ಹೊಲಗಳಲ್ಲಿಯೂ ಈ ಹೆಗ್ಗಣವು ವಿಶೇಷವಾಗಿರುವುದನ್ನು ಎಲಿಯಟ್ ಕಂಡನು. ಗಂಡೂ ಹೆಣ್ಣೂ ಬೇರೆ ಬೇರೆ ವಾಸಿಸುತ್ತವೆ, ತಾಯಿಯು ಎಂಟು ಹತ್ತು ಮರಿಗಳನ್ನು ಹಾಕಿ, ಅವು ತಮ್ಮ ಹೊಟ್ಟೆಯನ್ನು ತಾವು ಹೊರೆದುಕೊಳ್ಳುವಷ್ಟಾದ ಕೂಡಲೇ ಹೊರಗೆ ಅಟ್ಟುತ್ತದೆ ಎಂದು ಬರೆದನು. ದೊಡ್ಡ ಮಳೆ ಬಂದಾಗ ಎರೆನೆಲದ ಬಿಲಗಳಿಗೆ ನೀರು ನುಗ್ಗಿ, ಕೂಡಿಟ್ಟ ಕಾಳೆಲ್ಲ ಹಾಳಾಗಿ, ಪ್ರಾಣಿ ಬೇರೆ ನೆಲೆಯನ್ನು ಅರಸಿಕೊಂಡು ಹೋಗಬೇಕಾಗುವುದನ್ನೂ ಗಮನಿಸಿದನು. ಅವನು ಇದಕ್ಕೆ ಇಟ್ಟ ಲ್ಯಾಟಿನ್ ಹೆಸರು 'ಪ್ರೊವಿಡೆನ್ಸ್'. ಮುಂದಾಲೋಚನೆಯುಳ್ಳದ್ದು ಎಂದು ಅರ್ಥ. ಶಾಸ್ತ್ರದ ನಿಯಮದಂತೆ ಮೊದಲು ಇಟ್ಟ ಹೆಸರೇ ನಿಲ್ಲತಕ್ಕದ್ದಾದುದರಿಂದ ಈ ಹೆಸರು ಬಿದ್ದುಹೋಯಿತು. ಉಳಿದಿದ್ದರೆ ಚೆನ್ನಾಗಿತ್ತೆಂದು ನಮಗೆ ತೋರುತ್ತದೆ.

ಎಲಿಯಟ್ ಬರೆದಿರುವ ಇನ್ನೊಂದು ಸಂಗತಿಯನ್ನು ಬಿಡುವ ಹಾಗಿಲ್ಲ. ಕೆರೆಗಳ ಮಣ್ಣಿನ ಕೆಲಸವನ್ನು ಮಾಡುತ್ತಿದ್ದ ಒಡ್ಡರು, ಎಂದರೆ ಈಗ ಭೋವಿಗಳೆಂದು ಕರೆಯಲ್ಪಡುವವರು, ಸುಗ್ಗಿಯಾದ ಮೇಲೆ ಈ ಬಿಲಗಳನ್ನು ಅಗೆದು ಒಳಗಿನ ಧಾನ್ಯವನ್ನು ತೆಗೆಯುತ್ತಿದ್ದರು. ಒಂದೊಂದು ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು, ಕೆಲವೊಮ್ಮೆ ಇಡಿಯ ಜೋಳದ ತೆನೆಗಳೇ ಸಿಕ್ಕುತ್ತಿದ್ದವು. ಅನುಕೂಲವಾದ ಎಡೆಗಳಲ್ಲಿ ಆ ಕಾಲವೆಲ್ಲ ಅವರು ಬಹುಮಟ್ಟಿಗೆ ಆ ಕಾಳಿನ ಮೇಲೆಯೇ ಜೀವಿಸುತ್ತಿದ್ದರಂತೆ. ಹೊಲದ ಒಡೆಯನ ಕಣಜಕ್ಕೆ ಹೋಗದೆ ಹೆಗ್ಗಣದ ಕಣಜಕ್ಕೆ ಹೋದ ಧಾನ್ಯ, ಹೊಲವಿಲ್ಲದವನ ಮಡಕೆಗೆ ಬರುತ್ತಿತ್ತು. ಬಿಹಾರದ ಮುಸಹರರ ಹೆಸರಿನಲ್ಲಿಯೇ ಇಲಿಯುಂಟು. ತಮಿಳುನಾಡಿನ ಇರುಳರಲ್ಲಿಯೂ ಬಿಲವನ್ನು ಅಗೆದು ಇಲಿಯನ್ನೂ ಕಾಳನ್ನೂ ತೆಗೆಯುವ ಕುಶಲತೆ ಬಹುಕಾಲದಿಂದ ಬಂದಿದೆ. ಇಂಥ ಜನರು ಹೆಗ್ಗಣದ ಬಿಲವನ್ನು ಬಲ್ಲಷ್ಟು ಚೆನ್ನಾಗಿ ಅದನ್ನು ಪುಸ್ತಕದಿಂದ ಬಲ್ಲವರಿಲ್ಲವೆಂದರೆ ತಪ್ಪಾಗಲಾರದು.

ಈ ಬಿಲವೆಂಬುದಾದರೂ ಎಂಥದು? ಬೆಳಗ್ಗೆ ಗದ್ದೆಯ ಬದುವಿನ ಮೇಲೆ ನಡೆಯುವವನಿಗೆ ಅಲ್ಲಲ್ಲಿ ಪುಡಿಪುಡಿಯಾದ ಹಸಿ ಮಣ್ಣಿನ ಗುಪ್ಪೆಗಳು ಕಾಣುತ್ತವೆ. ಗುಪ್ಪೆ ಇದೆ, ತೂತು ಕಾಣುವುದಿಲ್ಲ. ಒಳಗೆ ಹೋದ ಹೆಗ್ಗಣವು ಮಣ್ಣನ್ನು ಹಿಂದಕ್ಕೆ ತಳ್ಳಿ ಬಾಯನ್ನು ಮುಚ್ಚಿಕೊಂಡಿರುತ್ತದೆ. ಹಾವಾಗಲಿ ಮುಂಗುಸಿಯಾಗಲಿ ನೇರವಾಗಿ ಒಳನುಗ್ಗದಂತೆ ಇದೊಂದು ಅಗುಳಿ. ಬಾಯಿಂದ ಒಳಕ್ಕೆ ಸುರಂಗವು ಓರೆಯಾಗಿ ಇಳಿದು, ಕವಲೊಡೆದು, ಕೆಲವು ಕವಲು ಎಲ್ಲಿಗೂ ಹೋಗದೆ ಮೊಂಡಾಗಿ ನಿಂತು, ಕೆಲವು ಕೋಣೆಗಳನ್ನು ಮುಟ್ಟುತ್ತವೆ. ಒಂದು ಕೋಣೆಯಲ್ಲಿ ಒಣ ಹುಲ್ಲು, ಎಲೆ, ಸಿಪ್ಪೆಗಳ ಹಾಸಿಗೆ. ಅದು ಮಲಗುವ ಮನೆ, ಹೆಣ್ಣಿಗಾದರೆ ಬಾಣಂತಿಯ ಮನೆ. ಉಳಿದವು ಉಗ್ರಾಣಗಳು. ನಮ್ಮ ಹಿಂದಿನವರು ರಾಗಿ ಜೋಳಗಳನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿಗೆ ಮಣ್ಣು ಮುಚ್ಚಿ ಇಡುತ್ತಿದ್ದರಷ್ಟೆ. ಹೆಗ್ಗಣದ ಉಗ್ರಾಣವೂ ಅದೇ ಮಾದರಿಯದು.

ಬಿಲದ ರಚನೆಯಲ್ಲಿ ನಾವು ಎಲ್ಲಕ್ಕಿಂತ ಮೆಚ್ಚತಕ್ಕದ್ದು ಕಳ್ಳಗಿಂಡಿ. ಮುಖ್ಯದ್ವಾರದಿಂದ ದೂರದಲ್ಲಿ, ಒಂದು ಸುರಂಗವು ನೆಲದ ಮಟ್ಟಕ್ಕೆ ಬಂದು, ಇನ್ನೇನು ಹೊರಬರಬೇಕೆನ್ನುವಲ್ಲಿ ನಿಂತುಬಿಟ್ಟಿರುತ್ತದೆ. ಮೇಲೆ ಉಳಿದಿರುವುದು ತೆಳುವಾದ ಮಣ್ಣಿನ ಪೊರೆ. ಹೊರಗಿನಿಂದ ನೋಡಿದವನಿಗೆ ಅದರ ಗುರುತೂ ಸಿಕ್ಕದು. ಮುಂಬಾಗಿಲಿನಿಂದ ಶತ್ರು ಬಂದಿತೆಂದರೆ, ಅಥವಾ ನೀರು ನುಗ್ಗಿತೆಂದರೆ, ಪ್ರಾಣಿಯು ಆ ಪೊರೆಯನ್ನು ತಲೆಯಿಂದ ಒಡೆದು ಓಡಿಹೋಗುತ್ತದೆ. ಬಿಲ ಅಗೆಯುವ ನುರಿತವರು ಮೊದಲು ಸುತ್ತಲ ನೆಲವನ್ನು ಕಾಲಿನಿಂದ ತುಳಿದು ನೋಡಿ ಈ ಗಿಂಡಿಯನ್ನು ಕಂಡುಹಿಡಿದು, ಅಲ್ಲೊಬ್ಬನನ್ನು ಕಾವಲಿಟ್ಟು, ಆಮೇಲೆ ಗುದ್ದಲಿ ಹಾಕುತ್ತಾರೆ. ಅರಿಯದವರು ಮುಂಬಾಗಿಲಿನಿಂದಲೇ ಅಗೆಯುತ್ತ ಹೋಗುತ್ತಾರೆ. ಬದು ಹಾಳಾಗುತ್ತದೆ, ಹೆಗ್ಗಣ ಸಿಕ್ಕುವುದಿಲ್ಲ. ಬೆಟ್ಟವನ್ನು ಅಗೆದು ಇಲಿ ಹಿಡಿದವನಿಗೆ ಇಲಿಯಾದರೂ ಸಿಕ್ಕಿತ್ತು.

ಇಷ್ಟು ದೊಡ್ಡ ಮನೆಯಲ್ಲಿ ವಾಸವಾಗಿರುವವರು ಎಷ್ಟು ಮಂದಿಯೆಂದರೆ, ಒಂದೇ. ಮರಿಗಳೊಡನೆ ಇರುವ ತಾಯಿಯನ್ನು ಬಿಟ್ಟರೆ ಹೊಲದ ಬಿಲವೊಂದರಲ್ಲಿ ಬೆಳೆದ ಹೆಗ್ಗಣವು ಸಾಧಾರಣವಾಗಿ ಒಂದೇ ಇರುತ್ತದೆ. ಗಂಡು ಹೆಣ್ಣುಗಳ ಕೂಟ ಕ್ಷಣಿಕ; ಅದಾದ ಮೇಲೆ ಅವಕ್ಕೆ ಪರಸ್ಪರ ಬಳಕೆಯಿಲ್ಲ. ಅಪರಿಚಿತವಾದ ಎರಡನ್ನು ಒಂದೇ ಬೋನಿನಲ್ಲಿ ಹಾಕಿದರೆ ಮೈಗೂದಲನ್ನು ನಿಮಿರಿಸಿಕೊಂಡು, ಹಂದಿಯಂತೆ ಗುರುಗುಟ್ಟುತ್ತ ಕಾದಾಡುತ್ತವೆ. ಇದು ಬರಿಯ ಸಿಡುಕಲ್ಲ, ಇದಕ್ಕೆ ಕಾರಣವುಂಟು. ಕಾಳನ್ನು ಕೂಡಿಟ್ಟವನಿಗೆ ಕಳ್ಳರ ಭಯ. ಹಸಿರು ಮೇಯ್ದು ಹೊಟ್ಟೆ ಹೊರೆಯುವ ಪ್ರಾಣಿ ಹಿಂಡಿನಲ್ಲಿರಬಹುದು. ಉಗ್ರಾಣದ ಮೇಲೆ ಬಾಳುವ ಪ್ರಾಣಿಗೆ ನೆರೆಯವನೇ ಮೊದಲ ಶತ್ರು. ಕೋಲ್ಕತ್ತದ ಧಾನ್ಯದ ಮಳಿಗೆಗಳಲ್ಲಿ ಇವು ಒತ್ತಾಗಿ ಕಿಕ್ಕಿರಿದು ವಾಸಿಸುವುದನ್ನು ಸ್ಪಿಲೆಟ್ ಎಂಬ ಅಮೆರಿಕನ್ ವಿಜ್ಞಾನಿಯು ಅಭ್ಯಾಸ ಮಾಡಿದನು. ಅವನ ಗ್ರಂಥವು ೧೯೬೮ರಲ್ಲಿ ಹೊರಬಂದಿತು. ಅಲ್ಲಿ ಮೂಟೆಗಟ್ಟಲೆ ಧಾನ್ಯ ಎದುರಿಗೇ ಇರುವಾಗ ಕೂಡಿಡುವ ತೊಂದರೆಯಿಲ್ಲ, ದೂರ ಹೋಗುವ ಅಗತ್ಯವೂ ಇಲ್ಲ. ಹೊಲದಲ್ಲಿ ಆ ಸೌಕರ್ಯವಿಲ್ಲ.

ತಾಯಿಯು ಮೂರು ವಾರಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಗರ್ಭವನ್ನು ಹೊತ್ತು, ಸಾಮಾನ್ಯವಾಗಿ ಆರರಿಂದ ಎಂಟು ಮರಿಗಳನ್ನು ಹಾಕುತ್ತದೆ. ಹತ್ತಕ್ಕೆ ಮೀರುವುದೂ ಉಂಟು. ಹುಟ್ಟಿದಾಗ ಅವಕ್ಕೆ ಕೂದಲಿಲ್ಲ, ಕಣ್ಣಿಲ್ಲ. ಆದರೆ ಕೆಲವು ವಾರಗಳೊಳಗೆ ಅವು ತಾಯ ಮನೆಯನ್ನು ಬಿಟ್ಟು ಹೊರಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆ ಮನುಷ್ಯರ ಮಟ್ಟಿಗೆ ಸರಿ. ಹೆಗ್ಗಣಕ್ಕೆ ಅದರ ಮರಿ ಬಹಳ ದಿನ ಮುದ್ದಲ್ಲ. ಹೊರಟ ಮರಿ ಏನು ಮಾಡುತ್ತದೆ? ಖಾಲಿ ನೆಲ ಸಿಕ್ಕಿದರೆ ಹೊಸದಾಗಿ ತೋಡುತ್ತದೆ. ಖಾಲಿ ಬಿಲ ಸಿಕ್ಕಿದರೆ ಇನ್ನೂ ಮೇಲು. ಈ ಅಂಶವನ್ನು ಮನಸ್ಸಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇವೆ. ಮುಂದೆ ಇದೇ ಮುಖ್ಯವಾಗುತ್ತದೆ.

ಇದರ ವಾಸಸ್ಥಾನದ ಗುಟ್ಟೆಲ್ಲ ಒಂದು ಮಾತಿನಲ್ಲಿದೆ. ಅದು ತೇವ. ಬರಡು ಮರಳಿನಲ್ಲಿ ಸುರಂಗ ನಿಲ್ಲದು, ಒಣಗಿ ಕಲ್ಲಾದ ನೆಲವನ್ನು ಅಗೆಯುವುದು ಕಷ್ಟ, ನೀರು ನಿಂತ ನೆಲದಲ್ಲಿ ಉಸಿರಾಡಲಾಗದು. ನೀರಿನ ಪಕ್ಕದಲ್ಲಿ, ನೀರಿಗಿಂತ ಒಂದೆರಡು ಅಡಿ ಎತ್ತರದಲ್ಲಿ, ಒದ್ದೆಯಾದ ಮೆತ್ತನೆಯ ಮಣ್ಣು ಇದಕ್ಕೆ ಬೇಕು. ಇಂಥ ನೆಲವು ಹಿಂದೆ ಹೊಳೆಯ ದಡ, ಕೆರೆಯ ಅಂಚು, ಜೌಗುಗಳಲ್ಲಿ ಮಾತ್ರ ದೊರೆಯುತ್ತಿತ್ತು. ಮನುಷ್ಯನು ಗದ್ದೆಯನ್ನು ಮಾಡಿದನು. ಗದ್ದೆಯೆಂದರೇನು? ನಿಂತ ನೀರು, ಅದರ ಪಕ್ಕದಲ್ಲಿ ಎತ್ತರಿಸಿದ ಒದ್ದೆ ಮಣ್ಣಿನ ಬದು, ಬದುವಿನ ಮೇಲೆ ಮರೆಗೆ ಹುಲ್ಲು, ಎರಡು ಹೆಜ್ಜೆಯಾಚೆ ತೆನೆ. ಹೆಗ್ಗಣವೇ ಕೂತು ನಕ್ಷೆ ಬರೆದಿದ್ದರೂ ಇದಕ್ಕಿಂತ ಅನುಕೂಲವಾಗಿ ಬರೆಯುತ್ತಿರಲಿಲ್ಲ.

ಸಿಂಧ್ ಪ್ರಾಂತವು ಇದಕ್ಕೆ ಒಳ್ಳೆಯ ನಿದರ್ಶನ. ಕಾಲುವೆಯ ನೀರು ಹರಿದ ಬತ್ತದ ಸೀಮೆಯಲ್ಲಿ ಈ ಪ್ರಾಣಿಯುಂಟು, ನೀರು ಮುಟ್ಟದ ಮರಳಿನಲ್ಲಿಲ್ಲ. ನಮ್ಮಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವು ೧೯೧೧ರಲ್ಲಿ ಮೊದಲಾಗಿ, ಹುಲಿಕೆರೆಯ ಸುರಂಗವನ್ನು ಹಾದು ಬಂದ ಕಾಲುವೆಯು ೧೯೩೦ರ ದಶಕದಲ್ಲಿ ಮಂಡ್ಯದ ಬಯಲಿಗೆ ನೀರುಣಿಸತೊಡಗಿತು. ಅಂದು ಇರ್ವಿನ್ ನಾಲೆಯೆನಿಸಿದ್ದ ಅದು ಇಂದು ವಿಶ್ವೇಶ್ವರಯ್ಯ ನಾಲೆ. ರಾಗಿ ಹುರುಳಿಗಳ ನೆಲದಲ್ಲಿ ಬತ್ತವೂ ಕಬ್ಬೂ ಎದ್ದವು. ಆಮೇಲೆ ತುಂಗಭದ್ರೆಯ ಬಯಲಿನಲ್ಲಿಯೂ ಭದ್ರೆಯ ಬಯಲಿನಲ್ಲಿಯೂ ಹಾಗೆಯೇ ಆಯಿತು. ನೀರಿನೊಡನೆ ಬಂದ ಐಶ್ವರ್ಯವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಆ ಐಶ್ವರ್ಯದಲ್ಲಿ ಪಾಲು ಕೇಳುವ ಒಕ್ಕಲು ನೆಲದ ಕೆಳಗೂ ನೆಲೆಸಿತೆಂಬುದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಬ್ಬಿನ ತೋಟದ ಸಂಗತಿ ಇನ್ನೂ ಕೆಟ್ಟದ್ದು. ಬತ್ತವನ್ನು ಕೊಯ್ದಾಗ ಗದ್ದೆ ಬಯಲಾಗುತ್ತದೆ. ಕಬ್ಬಾದರೋ ವರ್ಷವೆಲ್ಲ ನೆಲದ ಮೇಲೆ ಮರೆಯಾಗಿ ನಿಂತಿರುತ್ತದೆ. ಬುಡವನ್ನು ಕಡಿದು ರಸ ಹೀರಿದ ಕಬ್ಬು ಬೀಳುತ್ತದೆ, ಹುಳಿಯುತ್ತದೆ. ಗದ್ದೆಯಲ್ಲಿ ನೆಲೆ ತಪ್ಪಿದ ಹೆಗ್ಗಣಗಳಿಗೆ ಪಕ್ಕದ ಕಬ್ಬೇ ಛತ್ರ.

ಬತ್ತದ ಗದ್ದೆಯಲ್ಲಿ ಇದು ಮಾಡುವ ಕೇಡಿಗೂ ಒಂದು ಕಾಲಕ್ರಮವುಂಟು. ನಾಟಿಯಾದ ಹೊಸತರಲ್ಲಿ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಹೆಗ್ಗಣವು ಬದುವಿನಲ್ಲಿಯೇ ಇರುತ್ತದೆ. ಅದಕ್ಕೆ ಈಜು ಚೆನ್ನಾಗಿ ಬರುವುದರಿಂದ ನೀರು ಅಡ್ಡಿಯಲ್ಲ, ಆದರೆ ಆಗ ಅದಕ್ಕೆ ಬೇಕಾದುದು ಹೆಚ್ಚೇನೂ ಅಲ್ಲಿಲ್ಲ. ತೆಂಡೆಯೊಡೆಯುವ ಕಾಲದಲ್ಲಿ ಕೆಲವು ಪೈರನ್ನು ಕಡಿದರೂ ಬುಡವು ಹೊಸ ತೆಂಡೆಗಳನ್ನು ಹೊಮ್ಮಿಸಿ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹೊಡೆ ಕಟ್ಟಿದ ಮೇಲೆ ಹಾಗಲ್ಲ. ಆಗ ಕಡಿದ ತೆಂಡೆಗೆ ಬದಲು ಬರುವುದಿಲ್ಲ, ಹೋದದ್ದು ಹೋಯಿತು. ಹೆಗ್ಗಣವಾದರೋ ಆ ಕಾಲದಲ್ಲಿಯೇ ಬುಡದಿಂದ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ, ಎಳೆಯ ಹೊಡೆಯ ಸಿಹಿಯನ್ನು ತಿಂದು, ತಿಂದುದಕ್ಕಿಂತ ಹೆಚ್ಚನ್ನು ಕೆಡಹುತ್ತದೆ. ಕಾಳು ಬಲಿತು ನೀರು ಬಸಿದ ಮೇಲೆ ಬದುವನ್ನು ಬಿಟ್ಟು ಗದ್ದೆಯೊಳಗೇ ಬಿಲ ತೋಡಿ, ತೆನೆಗಳನ್ನು ಎಳೆದೆಳೆದು ಉಗ್ರಾಣಕ್ಕೆ ತುಂಬುತ್ತದೆ. ಮರಿಗಳ ಸಂಖ್ಯೆ ಏರುವುದೂ ಆಗಲೇ. ರೈತನು ನಷ್ಟವನ್ನು ಕಾಣುವುದು ಈ ಕೊನೆಯ ಘಟ್ಟದಲ್ಲಿ. ಅವನು ಔಷಧಕ್ಕೆ ಅಂಗಡಿಗೆ ಓಡುವುದೂ ಈ ಘಟ್ಟದಲ್ಲಿಯೇ. ಆ ವೇಳೆಗೆ ಕಾಲ ಮಿಂಚಿರುತ್ತದೆ. ಗದ್ದೆಯ ತುಂಬ ಬತ್ತವಿರುವಾಗ ಅಂಗಡಿಯ ನುಚ್ಚಕ್ಕಿಯನ್ನು ತಿನ್ನಲು ಹೆಗ್ಗಣಕ್ಕೇನು ಬಡತನ?

ಬದುವಿನಲ್ಲಿ ಸುರಂಗವಾದ ಮೇಲೆ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಸೋರಿಹೋಗುವುದೂ ಉಂಟು. ಕಾಲುವೆಯ ಏರಿಯಲ್ಲಾದರೆ ಅದೇ ದೊಡ್ಡ ಬಿರುಕಿಗೆ ಮೊದಲಾಗಬಹುದು. ಇನ್ನು ರೋಗದ ಮಾತು. ೧೮೯೬ರಲ್ಲಿ ಮುಂಬಯಿಗೆ ಬಂದು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗಿನ ಮುಖ್ಯ ವಾಹಕ ಹೊಲದ ಹೆಗ್ಗಣವಲ್ಲ, ಮನೆಯ ಇಲಿ ಮತ್ತು ಅದರ ಮೈಮೇಲಿನ ಚಿಗಟ. ಆದರೆ ಜನರು ಇಲಿಜ್ವರವೆನ್ನುವ ಲೆಪ್ಟೋಸ್ಪೈರೋಸಿಸ್ ರೋಗದಲ್ಲಿ ಹೆಗ್ಗಣದ ಪಾಲೂ ಉಂಟು. ಅದರ ಮೂತ್ರ ಬೆರೆತ ಕೆಸರಿನಲ್ಲಿ, ಗಾಯವಾದ ಬರಿಗಾಲಿನಿಂದ ನಾಟಿಗೂ ಕಳೆಗೂ ಇಳಿದವರಿಗೆ ಅಪಾಯ ಹೆಚ್ಚು. ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಇವು ಕಂಡಾಗ ಗದ್ದೆಗಿಳಿದಿದ್ದೆವೆಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಹೀಗಿರಲಾಗಿ, ಇದನ್ನು ತಡೆಯುವ ಬಗೆ ಯಾವುದು? ಒಂದು ಜೊತೆ ಹೆಗ್ಗಣ ವರ್ಷಕ್ಕೆ ಸಾವಿರಗಟ್ಟಲೆ ಆಗುತ್ತದೆಂದು ಕೆಲವರು ಲೆಕ್ಕ ಹಾಕಿ ಹೆದರಿಸುವುದುಂಟು. ಅದು ಕಾಗದದ ಮೇಲಿನ ಲೆಕ್ಕ. ನಾವು ಅದನ್ನು ನಂಬುವುದಿಲ್ಲ. ಹುಟ್ಟಿದ ಮರಿಗಳಲ್ಲಿ ಬಹುಪಾಲು ಹಸಿವಿನಿಂದಲೂ ಕಾದಾಟದಿಂದಲೂ ನೀರಿನಿಂದಲೂ ಶತ್ರುಗಳಿಂದಲೂ ಸಾಯುತ್ತವೆ. ಅಷ್ಟು ಸಾಯದಿದ್ದರೆ ನೆಲದ ಮೇಲೆ ನಮಗೆ ಜಾಗವಿರುತ್ತಿರಲಿಲ್ಲ. ಆದರೆ ಈ ಲೆಕ್ಕದ ಇನ್ನೊಂದು ಮುಖವನ್ನು ರೈತನು ತಿಳಿಯಬೇಕು. ನೂರರಲ್ಲಿ ಐವತ್ತನ್ನು ಅವನು ಕೊಂದನೆನ್ನೋಣ. ಉಳಿದ ಐವತ್ತಕ್ಕೆ ಈಗ ಜಾಗ ಹೆಚ್ಚು, ಆಹಾರ ಹೆಚ್ಚು, ಕಾದಾಟ ಕಡಮೆ. ಬೇರೆಯಾಗಿದ್ದರೆ ಸಾಯುತ್ತಿದ್ದ ಮರಿಗಳು ಈಗ ಬದುಕುತ್ತವೆ. ಕೆಲವು ತಿಂಗಳಲ್ಲಿ ಸಂಖ್ಯೆ ಮತ್ತೆ ಮೊದಲಿನಂತೆಯೇ.

ವಿಷವನ್ನಿಡುವುದರಲ್ಲಿಯೂ ಇಂಥದೇ ಒಂದು ತೊಡಕುಂಟು. ಬಹುಕಾಲದಿಂದ ಬಳಕೆಯಲ್ಲಿರುವ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯು ಹೊಟ್ಟೆಯ ಆಮ್ಲಕ್ಕೆ ತಾಗಿದೊಡನೆ ವಿಷಾನಿಲವನ್ನು ಹೊರಡಿಸಿ ಕೆಲವು ಗಂಟೆಗಳಲ್ಲಿ ಕೊಲ್ಲುತ್ತದೆ. ಆದರೆ ಹೆಗ್ಗಣವು ಹೊಸ ತಿನಿಸನ್ನು ಮೊದಲು ಸ್ವಲ್ಪವೇ ರುಚಿ ನೋಡುವ ಪ್ರಾಣಿ. ಸ್ವಲ್ಪ ತಿಂದು ಸಂಕಟಪಟ್ಟು ಬದುಕಿದ್ದು ಆ ರುಚಿಯನ್ನು ಮರೆಯುವುದಿಲ್ಲ. ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ ಅದರ ಕಡೆ ತಿರುಗಿಯೂ ನೋಡದು. ಅದಕ್ಕಾಗಿ ಎರಡು ಮೂರು ದಿನ ಎಣ್ಣೆ ಸವರಿದ ಬರಿಯ ನುಚ್ಚನ್ನೇ ಬಿಲದ ಬಳಿ ಇಟ್ಟು, ನಂಬಿಕೆ ಹುಟ್ಟಿಸಿ, ಆಮೇಲೆ ೯೬ ಪಾಲು ನುಚ್ಚಿಗೆ ೨ ಪಾಲು ಎಣ್ಣೆ, ೨ ಪಾಲು ವಿಷ ಬೆರಸಿ ಇಡಬೇಕೆಂದು ಕೃಷಿಶಾಸ್ತ್ರಜ್ಞರು ವಿಧಿಸಿದ್ದಾರೆ. ಇದನ್ನು ಕೈಯಿಂದ ಕಲಸಬಾರದು, ಕೋಲಿನಿಂದ ಕಲಸಬೇಕು, ಮಕ್ಕಳಿಗೂ ದನಗಳಿಗೂ ಸಿಕ್ಕದಂತೆ ಬಿಲದ ಒಳಗೇ ಹಾಕಬೇಕು, ಸತ್ತವನ್ನು ಹೂಳಬೇಕು. ಇನ್ನೊಂದು ಬಗೆಯ ವಿಷವು ಅಮೆರಿಕದಲ್ಲಿ, ಕೆಟ್ಟುಹೋದ ಹುಲ್ಲನ್ನು ಮೇಯ್ದ ದನಗಳು ರಕ್ತ ಹೆಪ್ಪುಗಟ್ಟದೆ ಸಾಯುತ್ತಿದ್ದುದರ ಕಾರಣವನ್ನು ಹುಡುಕುವಾಗ ಹೊರಟಿತು. ೧೯೪೦ರ ದಶಕದ ಕೊನೆಗೆ ಅದು ಇಲಿಯ ಮದ್ದಾಗಿ ಬಂದಿತು. ಈಗ ಬಳಸುವ ಬ್ರೊಮಾಡಿಯೊಲೋನ್ ಅದೇ ವಂಶದ್ದು. ಇದು ಕೊಲ್ಲುವುದಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ಇಂದಿನ ಸಂಕಟಕ್ಕೂ ಮೊನ್ನೆಯ ತಿಂಡಿಗೂ ಗಂಟು ಹಾಕುವಷ್ಟು ಜಾಣ್ಮೆ ಹೆಗ್ಗಣಕ್ಕಿಲ್ಲವಾದುದರಿಂದ ಅದು ಹೆದರಿಕೆಯಿಲ್ಲದೆ ತಿನ್ನುತ್ತದೆ.

ವಿಷಕ್ಕಿಂತ ಮೊದಲೇ ಗದ್ದೆಗೆ ಕಾವಲುಗಾರರುಂಟು. ಕೇರೆಹಾವು ಬಿಲದೊಳಗೆ ಹೋಗಿಯೇ ಹಿಡಿಯುತ್ತದೆ. ಮುಂಗುಸಿ, ನರಿ, ಕಾಡುಬೆಕ್ಕುಗಳೂ ಅದೇ ಕೆಲಸದವು. ಪಾಳುಬಿದ್ದ ಗೋಪುರಗಳಲ್ಲಿ ವಾಸಿಸುವ ಬಿಳಿ ಮೋರೆಯ ಕಣಜಗೂಬೆಯು ರಾತ್ರಿಯೆಲ್ಲ ಇಲಿ ಹೆಗ್ಗಣಗಳನ್ನೇ ಬೇಟೆಯಾಡುತ್ತದೆ. ಅಪಶಕುನವೆಂದು ಅದಕ್ಕೆ ಕಲ್ಲೆಸೆಯುವವರೂ, ಕೇರೆಯನ್ನು ಕಂಡಲ್ಲಿ ಬಡಿಯುವವರೂ ಹೆಗ್ಗಣದ ಪಕ್ಷದವರೆಂದೇ ನಾವು ಹೇಳುತ್ತೇವೆ. ಬದುವನ್ನು ಒಂದು ಅಡಿಗಿಂತ ಹೆಚ್ಚು ಅಗಲಕ್ಕೂ ಎತ್ತರಕ್ಕೂ ಹೋಗದಂತೆ ಕಡಿದು, ಹುಲ್ಲನ್ನು ಕಿತ್ತರೆ ಅದರಲ್ಲಿ ಉಗ್ರಾಣಕ್ಕೂ ಮಲಗುವ ಮನೆಗೂ ಎಡೆಯಿರುವುದಿಲ್ಲ. ಇದಕ್ಕೆ ಖರ್ಚೂ ಇಲ್ಲ.

ಇಷ್ಟೆಲ್ಲ ಮಾಡಿದರೂ ಒಬ್ಬ ರೈತನು ತಾನೊಬ್ಬನೇ ಮಾಡಿದರೆ ಸಾಲದಾಗಿರುವುದು ಏಕೆ? ಹಿಂದೆ ಮನಸ್ಸಿನಲ್ಲಿಡಿರೆಂದು ಕೇಳಿಕೊಂಡ ಅಂಶ ಇಲ್ಲಿ ಬರುತ್ತದೆ. ಹೆಗ್ಗಣವು ಏಕಾಂಗಿ. ಒಂದು ಬಿಲಕ್ಕೆ ಒಂದು ಒಡೆತನ. ಒಡೆಯನು ಸತ್ತರೆ ಮನೆ, ಉಗ್ರಾಣ, ಕಳ್ಳಗಿಂಡಿ ಸಮೇತ ಸಿದ್ಧವಾಗಿ ಬಿದ್ದಿರುತ್ತದೆ. ಪಕ್ಕದ ಗದ್ದೆಯಲ್ಲಿ ತಾಯಿಯು ಹೊರಗಟ್ಟಿದ ಎಳೆಯ ಹೆಗ್ಗಣಗಳು ಇಂಥ ಮನೆಯನ್ನೇ ಹುಡುಕುತ್ತ ಅಲೆಯುತ್ತಿರುತ್ತವೆ. ಒಬ್ಬನು ಎರಡು ಎಕರೆಯಲ್ಲಿ ಮದ್ದಿಟ್ಟು ನೂರು ಬಿಲವನ್ನು ಖಾಲಿ ಮಾಡಿದರೆ ನೆರೆಯವನ ಗದ್ದೆಯ ಮರಿಗಳಿಗೆ ನೂರು ಮನೆ ಕಟ್ಟಿಸಿಕೊಟ್ಟಂತೆ. ಅವನ ಹಣ ಹೋಯಿತು, ನೆರೆಯವನ ಹೆಗ್ಗಣ ಬಂದಿತು. ಈ ಕಾರಣದಿಂದಲೇ ೧೯೭೭ರಲ್ಲಿ ಜೋಧಪುರವನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಭಾಗವಹಿಸಿದ ಅಖಿಲ ಭಾರತ ದಂಶಕ ಸಂಶೋಧನೆಯವರು, ಊರಿಗೆ ಊರೇ ಒಂದೇ ವಾರದಲ್ಲಿ, ಪೈರು ಹೊಡೆ ಕಟ್ಟುವುದಕ್ಕೆ ಮುಂಚೆಯೇ ಕೈಹಾಕಬೇಕೆಂದು ಒತ್ತಿ ಹೇಳುತ್ತ ಬಂದಿದ್ದಾರೆ. ಗದ್ದೆ, ಕಬ್ಬು, ಕಾಲುವೆಯ ಏರಿ, ಊರ ಮುಂದಿನ ಬೀಳು ಯಾವುದನ್ನೂ ಬಿಡುವಂತಿಲ್ಲ. ಬೀಳು ಯಾರದೂ ಅಲ್ಲವೆಂದು ಬಿಟ್ಟರೆ ಅದು ಹೆಗ್ಗಣದ್ದಾಗುತ್ತದೆ.

ಕೆಲಸಕ್ಕೆ ಮೊದಲು ಯಾವ ಬಿಲದಲ್ಲಿ ಪ್ರಾಣಿಯಿದೆ, ಯಾವುದರಲ್ಲಿಲ್ಲ ಎಂದು ತಿಳಿಯಲು ಸುಲಭವಾದ ಉಪಾಯವುಂಟು. ಸಂಜೆ ಕಂಡ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ, ಒಂದೊಂದರ ಪಕ್ಕದಲ್ಲಿ ಒಂದೊಂದು ಕಡ್ಡಿ ನೆಟ್ಟು ಬರಬೇಕು. ಮರುದಿನ ಬೆಳಗ್ಗೆ ಯಾವುದರ ಬಾಯಲ್ಲಿ ಹೊಸ ಮಣ್ಣು ಬಿದ್ದಿದೆಯೋ ಅಲ್ಲಿ ಒಡೆಯನಿದ್ದಾನೆ, ಮದ್ದು ಅಲ್ಲಿಗೆ. ಮುಚ್ಚಿದ್ದು ಹಾಗೆಯೇ ಇದ್ದರೆ ಅದು ಖಾಲಿ. ಅದನ್ನು ಅಗ್ಗವಾಗಿ ಬಿಡದೆ ಅಂದೇ ಗುದ್ದಲಿಯಿಂದ ಒಡೆದು ತುಂಬಿಬಿಡಬೇಕು. ಒಳಕ್ಕೆ ಕೈ ಮಾತ್ರ ಹಾಕಬಾರದು. ಹೆಗ್ಗಣ ಬಿಟ್ಟುಹೋದ ಬಿಲದಲ್ಲಿ ನಾಗರಹಾವು ವಾಸಕ್ಕೆ ಬಂದಿರುವುದು ಅಪೂರ್ವವಲ್ಲ. ಮದ್ದಿಟ್ಟ ವಾರದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಮತ್ತೆ ತೆರೆದ ಬಿಲಗಳನ್ನು ಎಣಿಸಿದರೆ ಉಳಿದ ಹೆಗ್ಗಣಗಳೆಷ್ಟು, ಅವು ಯಾರ ಯಾರ ಗದ್ದೆಯ ಕಡೆಯವು ಎಂಬುದು ಊರವರಿಗೆಲ್ಲ ಕಾಣುತ್ತದೆ.